ಸಹಾಯ ಬೇಕು: ಯಾವಾಗಲೂ ತಡವಾಗಿ ಬರುವ ಗೆಳತಿಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನನ್ನ ಗೆಳತಿಯೊಬ್ಬಳಿದ್ದಾಳೆ. ಚಿನ್ನದಂಥ ಮನಸ್ಸು, ಯಾರಿಗಾದರೂ ಕಷ್ಟ ಅಂದ್ರೆ ಮೊದಲು ಓಡಿ ಬರುವವಳು. (ಹೌದು, ಆಗ ಮಾತ್ರ ಬೇಗ ಬರ್ತಾಳೆ!) ಉಳಿದಂತೆ ಎಲ್ಲಿಗೆ ಕರೆದರೂ ಮುಕ್ಕಾಲು ಗಂಟೆ ತಡ. ಫೋನ್ ಮಾಡಿದರೆ "ಹೊರಟೆ ಕಣೇ, ಆಟೋದಲ್ಲಿದ್ದೀನಿ" ಅನ್ನುತ್ತಾಳೆ. ಹಿಂದೆ ಕುಕ್ಕರ್ ಕೂಗುವುದು ಕೇಳಿಸುತ್ತಿರುತ್ತದೆ.

ಹೋಟೆಲಿನಲ್ಲಾದರೆ ಇನ್ನೊಂದು ಕಾಫಿ ಹೇಳಿ ಕೂತಿರಬಹುದು. ಕಷ್ಟ ಆಗುವುದು ನಾಟಕಕ್ಕೆ. ಜೆ.ಪಿ. ನಗರದ ರಂಗಶಂಕರದಲ್ಲಿ ಗೊತ್ತಲ್ವಾ, 7.30 ಅಂದ್ರೆ 7.30. ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಆ ನಿಯಮ ನನಗೆ ಇಷ್ಟವೇ. ಆದರೆ ಅವಳ ಟಿಕೆಟ್ ನನ್ನ ಕೈಯಲ್ಲಿರುವಾಗ ಒಳಗೆ ಹೋಗಲೂ ಮನಸ್ಸು ಬರಲ್ಲ, ಹೊರಗೆ ನಿಲ್ಲಲೂ ಆಗಲ್ಲ.

ಬೆಂಗಳೂರಿನ ಟ್ರಾಫಿಕ್ ನನಗೂ ಗೊತ್ತು. ಅದು ಮನೆಯಿಂದ ಹೊರಟ ಮೇಲಿನ ಮಾತು ಬಿಡಿ. ಹಾಗಂತ ಬೈಯಲೂ ಆಗಲ್ಲ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಅವರಿಗೆ ಊಟ ಕೊಟ್ಟೇ ಹೊರಡಬೇಕು. ಸುಮ್ನೆ ಅರ್ಧ ಗಂಟೆ ಮುಂಚಿನ ಸಮಯ ಹೇಳಿಬಿಡು ಅಂತಾರೆ ಕೆಲವರು. ಗೊತ್ತಾದ ದಿನ ಅವಳಿಗೆ ಇನ್ನೂ ಜಾಸ್ತಿ ಬೇಜಾರಾಗುತ್ತೆ.

ಮುಂದಿನ ವಾರ ಮತ್ತೆ ನಾಟಕ ಇದೆ. ಟಿಕೆಟ್ ಅವಳ ಫೋನಿಗೇ ಕಳಿಸಿ, "ಅತ್ತೆ ಊಟ ಮುಗಿಸಿ ನಿಧಾನಕ್ಕೆ ಬಾ, ನಾನು 7.20ಕ್ಕೆ ಒಳಗೆ ಹೋಗಿರ್ತೀನಿ" ಅಂತ ಮೊದಲೇ ಹೇಳಲಾ? ಒರಟು ಅನ್ನಿಸುತ್ತಾ? ಇಂಥವರ ಜೊತೆ ಏಗಿದವರು, ಅಥವಾ ನೀವೇ ಇಂಥವರಾಗಿದ್ದರೆ, ದಯವಿಟ್ಟು ಹೇಳಿ. ಸ್ನೇಹ ಬಿಡು ಅನ್ನೋ ಸಲಹೆ ಮಾತ್ರ ಬೇಡ.