ಕೊರಿಂಥ್ ಸ್ಟೇಟರ್: ಹಳೆಯ ಕ್ಯಾಟಲಾಗಿನ ಚಿತ್ರ ಹೋಲುತ್ತಿದೆ, ತೂಕ ತಾಳೆಯಾಗುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯಲ್ಲಿ. ಇಲ್ಲಿನ ವ್ಯಾಪಾರಿಯೊಬ್ಬರಿಂದ ಪ್ರಾಚೀನ ಗ್ರೀಕ್ ನಗರ ಕೊರಿಂಥಿನ ಸ್ಟೇಟರ್ ಎಂಬ ಬೆಳ್ಳಿ ನಾಣ್ಯ ಕೊಂಡಿದ್ದೇನೆ. ಒಂದು ಕಡೆ ರೆಕ್ಕೆಯ ಕುದುರೆ ಪೆಗಾಸಸ್, ಅದರ ಕೆಳಗೆ ಕೊಪ್ಪ ಎಂಬ ಹಳೆಯ ಗ್ರೀಕ್ ಅಕ್ಷರ. ಇನ್ನೊಂದು ಕಡೆ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ. ತೂಕ 8.52 ಗ್ರಾಂ. ಬಿಲ್ಲಿನಲ್ಲಿ ‘ಹಳೆಯ ಸ್ವಿಸ್ ಸಂಗ್ರಹದಿಂದ’ ಅಂತಷ್ಟೇ ಇದೆ. 1920ರ ದಶಕದ ಜಿನೀವಾ ಹರಾಜಿನ ಕ್ಯಾಟಲಾಗಿನಲ್ಲಿ ಥೇಟ್ ಇಂಥದ್ದೇ ಸಿಕ್ಕಿತು. ರೆಕ್ಕೆಯ ಮೇಲೆ ಅದೇ ಸಣ್ಣ ಗಂಟು, ಅಥೀನಾಳ ಹಿಂದೆ ಅದೇ ಚಿಹ್ನೆ. ಆದರೆ ಅಲ್ಲಿ ತೂಕ 8.41 ಎಂದಿದೆ. ಇದು ನನ್ನ ನಾಣ್ಯವೇ ಇರಬಹುದಾ?

ಉತ್ತರ:
ಅಲ್ಲ ಅಂತಲೇ ನನ್ನ ಅಭಿಪ್ರಾಯ ಸರ್. ನೀವು ಹಿಡಿದಿರುವುದು ಅಚ್ಚಿನ ಹೋಲಿಕೆ, ನಾಣ್ಯದ್ದಲ್ಲ. ರೆಕ್ಕೆಯ ಮೇಲಿನ ಗಂಟು ಅಚ್ಚಿನಲ್ಲೇ ಬಿಟ್ಟ ಬಿರುಕಿನ ಗುರುತು. ಬಿರುಕು ಬಿಟ್ಟ ಮೇಲೆ ಆ ಅಚ್ಚಿನಲ್ಲಿ ಹೊಡೆದ ನಾಣ್ಯಗಳಲ್ಲೆಲ್ಲ ಅದು ಕಾಣುತ್ತದೆ. ವ್ಯಾಪಾರಿಗಳು ಬರೆಯುವ ರಾವೆಲ್ ಸಂಖ್ಯೆಯೂ (ಕೊರಿಂಥಿನ ನಾಣ್ಯಗಳ ಬಗ್ಗೆ ರಾವೆಲ್ ಬರೆದ ಪುಸ್ತಕದ ಕ್ರಮಸಂಖ್ಯೆ) ಅಷ್ಟೇ, ಅಚ್ಚಿನ ಜೋಡಿಯನ್ನು ಹೇಳುತ್ತದೆ ಹೊರತು ನಿಮ್ಮ ಕೈಲಿರುವ ಬಿಲ್ಲೆಯನ್ನಲ್ಲ.

ಬಿಲ್ಲೆಯ ಗುರುತು ಇರುವುದು ಅಂಚಿನಲ್ಲಿ. ಕೈಯಲ್ಲಿ ಸುತ್ತಿಗೆಯಿಂದ ಹೊಡೆದ ನಾಣ್ಯಗಳಿವು, ಎರಡರ ಅಂಚು ಒಂದೇ ಥರ ಇರುವುದಿಲ್ಲ. ಚಿತ್ರ ಎಷ್ಟು ಪಕ್ಕಕ್ಕೆ ಸರಿದಿದೆ, ಕುದುರೆಯ ಯಾವ ಕಾಲು ಬಿಲ್ಲೆಯಿಂದ ಹೊರಗೆ ಹೋಗಿದೆ, ಅಂಚು ಎಲ್ಲಿ ಸೀಳಿದೆ, ಬೆಳ್ಳಿ ಪರೀಕ್ಷಿಸಲು ಉಳಿಯಿಂದ ಹೊಡೆದ ಗಾಯ ಇದೆಯೇ, ಇವನ್ನು ಎರಡೂ ಮುಖಗಳಲ್ಲಿ ನೋಡಿ. ಆ ಕಾಲದ ಕ್ಯಾಟಲಾಗುಗಳಲ್ಲಿ ಹೆಚ್ಚಾಗಿ ಇರುವುದು ನಾಣ್ಯದ ಫೋಟೋ ಅಲ್ಲ, ಪ್ಲಾಸ್ಟರ್ ಪ್ರತಿಯ ಫೋಟೋ. ಹಾಗಾಗಿ ಬಣ್ಣ, ಕಪ್ಪು ಕಲೆ ಹೋಲಿಸುತ್ತ ಕೂರಬೇಡಿ, ಆಕಾರ ನೋಡಿ.

ತೂಕದ್ದು ಇನ್ನೂ ಸ್ಪಷ್ಟ. ತೊಳೆದು, ತಿಕ್ಕಿ ನಾಣ್ಯ ಹಗುರವಾಗಬಹುದು, ಭಾರವಾಗುವುದಿಲ್ಲ. ಕ್ಯಾಟಲಾಗಿನಲ್ಲಿ ಮುದ್ರಣದ ತಪ್ಪಿರಬಹುದು, ನಿಜ. ಆದರೆ ಅಂಚು ಕೂಡ ತಾಳೆಯಾಗದಿದ್ದರೆ ಆಸೆ ಬಿಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ನನ್ನದರಲ್ಲಿ ಬಾಲದ ಹತ್ತಿರ ಸೀಳಿದೆ, ಕೊಪ್ಪದ ಅರ್ಧ ಬಿಲ್ಲೆಯಿಂದ ಹೊರಗಿದೆ. ಕ್ಯಾಟಲಾಗಿನದ್ದರಲ್ಲಿ ಅಕ್ಷರ ಪೂರ್ತಿ ಇದೆ, ಅಂಚು ದುಂಡಗಿದೆ. ಇನ್ನು ಎಲ್ಲಿ ಹುಡುಕಲಿ?

ಉತ್ತರ:
ಹಾಗಾದರೆ ಬೇರೆ ನಾಣ್ಯವೇ. ಬಿಲ್ಲೆಯ ಮೇಲೆ ಬೀಳದ ಅಕ್ಷರ ಆಮೇಲೆ ಹುಟ್ಟುವುದಿಲ್ಲ.

ಹುಡುಕಾಟ ಇತ್ತೀಚಿನದರಿಂದ ಹಿಂದಕ್ಕೆ ಹೋಗಲಿ. ಮೊದಲು ಹರಾಜಾದ ನಾಣ್ಯಗಳ ದಾಖಲೆ ಇರುವ ಜಾಲತಾಣಗಳಾದ ಎಸಿಸರ್ಚ್, ಕಾಯಿನ್‌ಆರ್ಕೈವ್ಸ್. ಅಲ್ಲಿ ಸಿಕ್ಕರೆ ಆ ವಿವರಣೆಯಲ್ಲೇ ಹಿಂದಿನ ಹರಾಜಿನ ಸುಳಿವು ಇರುವುದುಂಟು. ಆಮೇಲೆ ಹಳೆಯದಕ್ಕೆ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿಟ್ಟಿರುವ ಜರ್ಮನ್ ಹರಾಜು ಕ್ಯಾಟಲಾಗುಗಳು, ನಾಣ್ಯಶಾಸ್ತ್ರದ ಆನ್‌ಲೈನ್ ಗ್ರಂಥಾಲಯವಾದ ನ್ಯೂಮನ್ ಪೋರ್ಟಲ್. ವ್ಯಾಪಾರಿಗೂ ಬರೆದು ಕೇಳಿ: ಯಾವ ಸಂಗ್ರಹ, ಯಾವ ವರ್ಷ ಕೈಬದಲಾಯಿತು, ಹಳೆಯ ಚೀಟಿಯೋ ಬಿಲ್ಲೋ ಇದೆಯೇ? ಪುರಾತನ ವಸ್ತುಗಳ ಕಳ್ಳಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದದ ವರ್ಷ 1970ಕ್ಕೂ ಮೊದಲಿನ ಕಾಗದ ಸಿಕ್ಕರೆ ಅದಕ್ಕೆ ನಿಜವಾದ ಬೆಲೆ ಇದೆ. ‘ಹಳೆಯ ಸ್ವಿಸ್ ಸಂಗ್ರಹ’ ಅನ್ನುವ ಮಾತಿನಲ್ಲಿ ಹೆಸರೂ ಇಲ್ಲ, ವರ್ಷವೂ ಇಲ್ಲ, ಅದನ್ನು ನಾನು ಮೂಲವೆಂದು ಒಪ್ಪುವುದಿಲ್ಲ. 2020ರಲ್ಲಿ ಲಂಡನ್ನಿನಲ್ಲಿ ಹರಾಜಾದ ಬ್ರೂಟಸ್‌ನ ಚಿನ್ನದ ‘ಈದ್ ಮಾರ್’ ನಾಣ್ಯ (ಜೂಲಿಯಸ್ ಸೀಸರನ ಹತ್ಯೆಯ ದಿನವನ್ನು ಸಾರುವ ರೋಮನ್ ನಾಣ್ಯ) ನೆನಪಿರಲಿ. ಅದಕ್ಕೂ ಹಳೆಯ ಸಂಗ್ರಹದ ಸುಳ್ಳು ಮೂಲವನ್ನೇ ಕಟ್ಟಿದ್ದರು. 2023ರಲ್ಲಿ ಅದು ಗ್ರೀಸಿಗೆ ವಾಪಸಾಯಿತು.

ಆ ಜಿನೀವಾ ಕ್ಯಾಟಲಾಗನ್ನು ನಿಮ್ಮ ದಾಖಲೆಯಲ್ಲಿ ‘ಅದೇ ಅಚ್ಚಿನ ಇನ್ನೊಂದು ನಾಣ್ಯ’ ಎಂದೇ ಬರೆದಿಡಿ. ನಾಳೆ ನಿಮ್ಮಿಂದ ಕೊಳ್ಳುವವರು ಅದನ್ನೇ ಮೂಲ ಎಂದು ತಿಳಿಯಬಾರದು.

ಪ್ರಶ್ನೆ ಕೇಳಿದವರು:
ಸಿಕ್ಕಿತು ಸರ್! 2008ರ ಒಂದು ಹರಾಜು. ಅದೇ ಸೀಳು, ಅದೇ ಅರ್ಧ ಕೊಪ್ಪ, ತೂಕ 8.53. ವಿವರಣೆಯಲ್ಲಿ ಅದಕ್ಕಿಂತ ಹಿಂದಿನದು ಏನೂ ಇಲ್ಲ. ವ್ಯಾಪಾರಿಗೆ ಇವತ್ತೇ ಬರೆಯುತ್ತೇನೆ.