ಸಿರುಗುಪ್ಪ, ಸಿಂಧನೂರು ಕಡೆಯ ‘ಕಳ್ಳು’: ಕರುಳೋ, ಹೆಂಡವೋ?

ಪದಸಂಚಿ
ನಮ್ಮ ಭಾಗದ ಆಡುಮಾತಿನ ಪದಪಟ್ಟಿ ಮಾಡುತ್ತಿದ್ದೇನೆ. ‘ಕೂಸು ಅಳೂದು ಕೇಳಿ ಕಳ್ಳು ಚುರ್ರ್ ಅಂತು’ ಅನ್ನುವಲ್ಲಿ ಕಳ್ಳು ಅಂದರೆ ಕರುಳು. ಹೆಂಡಕ್ಕೂ ಕಳ್ಳು ಅನ್ನುತ್ತೇವೆ. ಎರಡನ್ನೂ ಒಂದೇ ನಮೂದಿನಡಿ ಹಾಕಬಹುದೇ? ಕರುಳಿನ ‘ಕಳ್ಳು’ ತೆಲುಗಿನಿಂದ ಬಂದದ್ದೇ? ಕರುಳಬಳ್ಳಿ ಅನ್ನುವುದು ಯಾವ ಅಂಗ?

ಹಳಗನ್ನಡಪ್ರಿಯ
ಒಂದೇ ನಮೂದು ಬೇಡವೇ ಬೇಡ. ಹೆಂಡದ ಕಳ್ಳು ಮೊದಲಿನಿಂದಲೂ ‘ಕಳ್’. ತಮಿಳಿನಲ್ಲಿ ಇಂದಿಗೂ ಕಳ್, ತೆಲುಗಿನಲ್ಲಿ ಕಲ್ಲು. ಹೊಟ್ಟೆಯದ್ದು ಹಳಗನ್ನಡದ ‘ಕರುಳ್’. ಕೊನೆಗೆ ಉಕಾರ ಸೇರಿ ಕರುಳು ಆಯಿತು. ಆಡುವಾಗ ನಡುವಿನ ಉಕಾರ ಬಿದ್ದು ‘ಕರ್ಳು’, ಆಮೇಲೆ ರ್ ಕೂಡ ಮುಂದಿನ ಳಕಾರದಲ್ಲಿ ಕರಗಿ ‘ಕಳ್ಳು’. ಇದು ಈ ಒಂದು ಪದದ ಪಾಡಲ್ಲ: ಕೊರಳು ಕೊಳ್ಳು, ಹುರುಳಿ ಹುಳ್ಳಿ, ಮರುಳ ಮಳ್ಳ, ಹೊರಳಿ ಹೊಳ್ಳಿ. ನಿಮ್ಮ ಪಟ್ಟಿಯಲ್ಲಿ ‘ಳ್ಳ’ ಬಂದಲ್ಲೆಲ್ಲ ಮೊದಲು ಅದರ ಹಿಂದೆ ರಕಾರ ಇತ್ತೇ ಎಂದು ನೋಡಿ. ನೋಡದಿದ್ದರೆ ಬೇರೆ ಬೇರೆ ಪದಗಳು ಒಂದೇ ಕಟ್ಟಿಗೆ ಬೀಳುತ್ತವೆ.

ತೆಲುಗಿನಿಂದ ಬಂದದ್ದಲ್ಲ. ಬಳ್ಳಾರಿಯ ತೆಲುಗು ಮನೆಗಳಲ್ಲಿ ಕರುಳಿಗೆ ‘ಪೇಗು’. ತಮಿಳಿನಲ್ಲಿ ‘ಕುಡಲ್’. ಕರುಳಿನ ನಿಜವಾದ ಒಡಹುಟ್ಟು ಇರುವುದು ಪಡುವಣದಲ್ಲಿ. ತುಳುವಿನಲ್ಲಿ ಇದೇ ಪದ ಇದೆ. ಮಲಯಾಳದ ‘ಕರಳ್’ಗೆ ಈಗ ಯಕೃತ್ತು ಎಂಬ ಅರ್ಥ, ಮನಸ್ಸು, ಪ್ರೀತಿ ಎಂಬ ಅರ್ಥವೂ ಉಂಟು. ಪದ ಒಂದೇ, ಅಂಗ ಬೇರೆ! ಮೊದಲು ಒಡಲೊಳಗಿನದ್ದಕ್ಕೆಲ್ಲ ಒಟ್ಟಾಗಿ ಈ ಹೆಸರಿದ್ದು, ಆಮೇಲೆ ಒಂದೊಂದು ನುಡಿ ಒಂದೊಂದು ಅಂಗಕ್ಕೆ ಕಟ್ಟಿಕೊಂಡಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಮಮತೆಯ ಅರ್ಥ ಎರಡೂ ಕಡೆ ಉಳಿದಿರುವುದು ಅದಕ್ಕೆ ಬಲ ಕೊಡುತ್ತದೆ.

ಮಾನ್ವಿ ಖಾರ
ಪಟ್ಟ್ಯಾಗ ‘ಬೋಟಿ’ನೂ ಸೇರಸ್ರಿ ಸರ್, ಆದ್ರ ಕರುಳಿಗೆ ಸಮಾನಪದ ಅಂತ ಹಾಕಬ್ಯಾಡ್ರಿ. ಹಿಂದಿ, ಉರ್ದುದಾಗ ಬೋಟಿ ಅಂದ್ರ ಮಾಂಸದ ಸಣ್ಣ ತುಂಡು. ನಮ್ಮ ಕಡೆ ಮಟನ್ ಅಂಗಡ್ಯಾಗ ಬೋಟಿ ಅಂದ್ರ ಜಠರ, ಕರುಳು ಎರಡೂ ಕೂಡಿದ್ದು. ಕಲೇಜಿ ಬ್ಯಾರೆ, ಅದು ಯಕೃತ್ತು.

ಎರಡನ್ನೂ ತೊಳಿಯೂ ರೀತಿನೂ ಬ್ಯಾರೆ. ಟವೆಲ್ ಹಂಗ ಜುಂಗು ಇರೂದು ಜಠರ. ಅದನ್ನ ಕೈ ಸುಡುವಷ್ಟು ಬಿಸಿ, ಆದ್ರ ಕುದಿಲಾರದ ನೀರಾಗ ಒಂದು ನಿಮಿಷ ಅದ್ದಿ, ಚಾಕುಲೆ ಹೆರದ್ರ ಕರೇ ಸಿಪ್ಪಿ ಬರ್ತದ. ಕುದಿಯೂ ನೀರಾಗ ಬಿಟ್ರ ಸಿಪ್ಪಿ ಬೆಂದು ಅಂಟಿಕೊಂಡು ಬಿಡ್ತದ. ಕರುಳನ್ನ ಮೊಳದುದ್ದ ಕತ್ತರಿಸಿ, ಕಡ್ಡಿಲೆ ಒಳಮೈ ಹೊರಗ ತಿರುವಿ, ಕಲ್ಲುಪ್ಪು, ಅರಿಷಿಣ ಹಚ್ಚಿ ತಿಕ್ಕಬೇಕು. ತಿರುವದ ಬರೇ ನೀರು ಹಾಯಿಸಿದ್ರ ಒಳಗಿನ ಲೋಳಿ ಹೋಗಂಗಿಲ್ಲ, ಸಾರೆಲ್ಲಾ ವಾಸನಿ.

ಅಂಗರಚನೆ
ಕರುಳಬಳ್ಳಿ ಜೀರ್ಣಾಂಗವಲ್ಲ. ಹೊಕ್ಕುಳಬಳ್ಳಿಗೂ ರಕ್ತಸಂಬಂಧಕ್ಕೂ ಆ ಮಾತು ಸಲ್ಲುತ್ತದೆ. ಹೊಕ್ಕುಳಬಳ್ಳಿಯಲ್ಲಿ ಸಾಮಾನ್ಯವಾಗಿ ಇರುವುದು ಎರಡು ಅಪಧಮನಿ, ಒಂದು ಅಭಿಧಮನಿ. ಆದರೂ ಹೆಸರು ಸೊಗಸಾಗಿ ಹೊಂದುತ್ತದೆ: ಭ್ರೂಣದ ಸುಮಾರು 6ನೇ ವಾರದಲ್ಲಿ ಹೊಟ್ಟೆಯೊಳಗೆ ಜಾಗ ಸಾಲದೆ ಕರುಳಿನ ಒಂದು ಕುಣಿಕೆ ನಿಜವಾಗಿಯೂ ಬಳ್ಳಿಯೊಳಕ್ಕೆ ಚಾಚಿರುತ್ತದೆ, 10ನೇ ವಾರದ ಹೊತ್ತಿಗೆ ಒಳಗೆ ಮರಳುತ್ತದೆ. ಹೆಸರು ಹುಟ್ಟಿದ್ದು ಇದರಿಂದ ಅಂತ ಮಾತ್ರ ಬರೆಯಬೇಡಿ.

ಬರಿ ‘ಕರುಳು’ ಅಂದರೆ ಸಣ್ಣದು, ದೊಡ್ಡದು ಎರಡೂ ಸೇರಿ. ದೊಡ್ಡವರಲ್ಲಿ ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು ಒಂದೂವರೆ. ದೊಡ್ಡದು ಅನ್ನುವುದು ಅಗಲಕ್ಕೆ, ಉದ್ದಕ್ಕಲ್ಲ.

ಪದಸಂಚಿ
ಎಲ್ಲರಿಗೂ ಶರಣು. ಹೀಗೆ ಬರೆಯುತ್ತೇನೆ: ‘ಕಳ್ಳು¹: ಹೆಂಡ (ಕಳ್). ಕಳ್ಳು²: ಕರುಳು, ಮಮತೆ (ಕರುಳ್).’

ಹಳಗನ್ನಡಪ್ರಿಯ
ಸರಿಯಾಗಿದೆ. ‘ಕರುಳು ನೋಡಿ: ಕಳ್ಳು²’ ಅಂತ ಇನ್ನೊಂದು ಸಾಲು ಸೇರಿಸಿ, ಹುಡುಕುವವರು ಗ್ರಾಂಥಿಕ ರೂಪದಿಂದಲೇ ಶುರು ಮಾಡುತ್ತಾರೆ.