ಆ ಮರ ತಾಜ್ ಮಹಲಿನದ್ದಲ್ಲ, ಚಿಕ್ಕಪ್ಪ

ಚಿಕ್ಕಪ್ಪ: (ಫೋಟೊ) ತಾಜ್ ಮಹಲಿನ ಒಳಗಿನ ಕಲ್ಲಿನ ಕಿಟಕಿ. ಮುಮ್ತಾಜಳಿಗಾಗಿ ಷಹಜಹಾನ್ ಕೆತ್ತಿಸಿದ ಮರ. ಎಲ್ಲರಿಗೂ ಕಳಿಸಿ 🙏

ಅಕ್ಕ: ಇದು ತಾಜ್ ಅಲ್ಲ ಚಿಕ್ಕಪ್ಪ. ಅಹಮದಾಬಾದಿನ ಸಿದಿ ಸೈಯದ್ ಮಸೀದಿ. ನಾನು ಆಫೀಸಿಗೆ ಹೋಗುವ ದಾರಿಯಲ್ಲೇ ಇದೆ.

ಚಿಕ್ಕಪ್ಪ: ಆಗ್ರಾಕ್ಕೆ ಹೋಗಿ ಬಂದವನು ನಾನು. ಸಮಾಧಿ ಸುತ್ತ ಜಾಲಿ, ಅಂದರೆ ಕಲ್ಲಿನಲ್ಲಿ ಕೊರೆದ ಜಾಲರಿ, ಇದೆ, ಕಣ್ಣಾರೆ ನೋಡಿದ್ದೇನೆ.

ಅಕ್ಕ: ಇದೆ, ಯಾರು ಇಲ್ಲ ಅಂದರು? ಅದು ಬಿಳಿ ಅಮೃತಶಿಲೆ, ಎಂಟು ಮೂಲೆ. ಚೌಕಟ್ಟಿನ ತುಂಬ ಬಣ್ಣದ ಕಲ್ಲು ಕೂರಿಸಿದ ಹೂಬಳ್ಳಿ. ನಿಮ್ಮ ಫೋಟೊದಲ್ಲಿ ಹಳದಿ ಮರಳುಗಲ್ಲು. ಬಣ್ಣದ ಚೂರು ಒಂದಾದರೂ ಇದೆಯಾ? ದೊಡ್ಡದು ಮಾಡಿ ನೋಡಿ.

ಅಮ್ಮ: ನೋಡಿದೆ. ತಾಳೆ ತರದ್ದೊಂದು ಮರ, ಅದರ ಸುತ್ತ ಇನ್ನೊಂದರ ಕೊಂಬೆ. ಕಲ್ಲೋ ಲೇಸೋ ಗೊತ್ತಾಗುವುದಿಲ್ಲ.

ಚಿಕ್ಕಪ್ಪ: ಸರಿ, ಅಹಮದಾಬಾದೇ ಇರಲಿ. ಮೊಘಲರದ್ದೇ ತಾನೆ?

ಅಕ್ಕ: ಅದೂ ಅಲ್ಲ 😄 1572-73ರಲ್ಲಿ ಕಟ್ಟಿದ್ದು. ಗುಜರಾತ್ ಸುಲ್ತಾನರ ಕೊನೆಗಾಲ. ಕಟ್ಟಿಸಿದ್ದು ಆಫ್ರಿಕಾ ಮೂಲದ ಸಿದಿ. ಆ ಹೊತ್ತಿಗೇ ಅಕ್ಬರ್ ಬಂದು ಗುಜರಾತ್ ಗೆದ್ದ.

ನಾನು: ಷಹಜಹಾನ್ ಹುಟ್ಟಿದ್ದೇ 1592ರಲ್ಲಿ!

ದೊಡ್ಡಪ್ಪ: ಅವನ ಮಾತು ಪೂರ್ತಿ ತಳ್ಳಿಹಾಕಬೇಡಿ. ಗುಜರಾತಿನ ಕೆತ್ತನೆಯ ರೀತಿ ಅಕ್ಬರನ ಫತೇಪುರ್ ಸಿಕ್ರಿಯಲ್ಲೂ ಕಾಣುತ್ತದೆ. ಅಲ್ಲಿರುವ ಸೂಫಿ ಸಂತ ಸಲೀಂ ಚಿಷ್ತಿಯ ದರ್ಗಾ ನೋಡಿ. ಸೂರನ್ನು ಹೊತ್ತಿರುವ ಕಲ್ಲುಗಳು ಹಾವಿನ ಹಾಗೆ ಬಳುಕಿವೆ. ಅದು ಗುಜರಾತಿನ ಛಾಪು. ಆದರೆ ಅಲ್ಲಿನ ಜಾಲಿಯಲ್ಲಿ ಮರಗಿಡ ಇಲ್ಲ, ಅಳತೆ ಹಿಡಿದು ಕೊರೆದ ಕೋನಗಳು. ಹೊರಗಿನ ಬಿಸಿಲು ಒಳಗೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ನನಗೆ ತಾಜ್‌ಗಿಂತ ಅದೇ ಜಾಸ್ತಿ ಇಷ್ಟ.

ಚಿಕ್ಕಪ್ಪ: ನೋಡಿದಿರಾ, ಅಣ್ಣ ನನ್ನ ಕಡೆ.

ಅಕ್ಕ: ನಿಮ್ಮ ಕಡೆ ಎಲ್ಲಿ ಬಂದರು!

ಅತ್ತೆ: ತಾಜ್‌ನ ಜಾಲಿ ಮೊದಲು ಚಿನ್ನದ್ದಂತೆ, ನಿಜವಾ?

ಅಕ್ಕ: ಹೌದತ್ತೆ, ಮೊದಲು ಇದ್ದದ್ದು ಚಿನ್ನದ ಕಟಕಟೆ. 1643ರಲ್ಲಿ ಅದನ್ನು ತೆಗೆದು ಈಗಿನ ಅಮೃತಶಿಲೆಯದ್ದು ಇಟ್ಟರು. ಅಲ್ಲಿಗೆ ಹೋದರೆ ಗೋಡೆಯ ಬುಡವನ್ನೂ ನೋಡಿ. ಬಿಳಿ ಕಲ್ಲಿನಲ್ಲೇ ಉಬ್ಬಿಸಿ ಕೆತ್ತಿದ ಹೂಗಿಡಗಳು, ಬಣ್ಣವೇ ಇಲ್ಲ. ಎಲೆ ಮಡಚಿಕೊಂಡಿದ್ದು ಕೂಡ ಕಾಣುತ್ತದೆ. ಜನ ಸುಮ್ನೆ ದಾಟಿ ಹೋಗುತ್ತಾರೆ.

ಚಿಕ್ಕಪ್ಪ: ನಾನೂ ದಾಟಿ ಬಂದೆ ಅನ್ನಿಸುತ್ತದೆ. ಈಗ ಈ ಫೋಟೊ ಅಳಿಸಲಾ?

ದೊಡ್ಡಪ್ಪ: ಯಾಕೋ ಅಳಿಸುತ್ತೀಯ? ಊರಿನ ಹೆಸರು ತಿದ್ದಿ ಮತ್ತೆ ಕಳಿಸು.

ಚಿಕ್ಕಪ್ಪ: ಆಗಲೇ ನಾಲ್ಕು ಗುಂಪಿಗೆ ಹಾಕಿಬಿಟ್ಟೆನಲ್ಲ...